ಮಾವ ತೂಗಿ ತಂದ ಪವರ್ ಸಪ್ಲೈ

ನಮ್ಮ ಮಾವನವರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಗಿತ್ತು. ಮೊಣಕೈಯಿಂದ ಕೆಳಕ್ಕೆ ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಆಯಸ್ಸಿನ ಬಹುಪಾಲು ಲಾರಿ ಓಡಿಸಿದವರು ಅವರು. ಪಾವಗಡದ ಕಡಲೆಕಾಯಿ, ಶಿರಾದ ತೆಂಗಿನಕಾಯಿ, ಮಧುಗಿರಿಯ ಹುಣಸೆಹಣ್ಣು ತುಂಬಿಕೊಂಡು, ಕಿಟಕಿಯ ಮೇಲೆ ಬಲಗೈ ಊರಿಕೊಂಡು, ಮಂಗಳೂರಿನವರೆಗೆ, ಪುಣೆಯವರೆಗೆ ಹೋಗಿಬಂದ ಕೈ ಅದು. ನಾನು ಕೊರಟಗೆರೆಯಿಂದ ಶಿರಾಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಬಡಿಸುವಾಗಲೆಲ್ಲ ಕಣ್ಣು ಆ ಕೈ ಮೇಲೇ ಹೋಗುತ್ತಿತ್ತು. ಅವರಿಗದು ತಿಳಿಯಿತು.

"ಇದು ಡ್ರೈವರ್ ಕೈ ಕಣಮ್ಮ," ಅಂದರು ಅನ್ನ ಕಲಸುತ್ತಾ. ಆಮೇಲೆ ಎಡಗೈ ಎತ್ತಿ ತೋರಿಸಿ, "ಇದು ಕ್ಲೀನರ್ ಕೈ" ಅಂದರು.

ಆ ಡ್ರೈವರ್ ಕೈಗೆ ಒಂದು ವಿದ್ಯೆ ಗೊತ್ತಿದೆ ಎಂದು ಅವರು ಬಲವಾಗಿ ನಂಬಿದ್ದರು. ಯಾವ ವಸ್ತು ಸಿಕ್ಕರೂ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ತೂಕ ಹೇಳಿಬಿಡುವುದು. ಸಂತೆಯ ಕುಂಬಳಕಾಯಿ, ಸೊಸೈಟಿಯ ಸಕ್ಕರೆ, ಬಸ್ಸಿನಲ್ಲಿ ಪಕ್ಕ ಕೂತವರ ಬ್ಯಾಗು, ಯಾವುದನ್ನೂ ಬಿಟ್ಟವರಲ್ಲ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಬಂಧುಗಳೆಲ್ಲ ಮೂಗು ಯಾರದು, ಬಣ್ಣ ಯಾರದು ಎಂದು ಚರ್ಚೆ ಮಾಡುತ್ತಿದ್ದರೆ, ಮಾವ ಕೂಸನ್ನು ಎರಡು ಅಂಗೈಯಲ್ಲಿ ತೆಗೆದುಕೊಂಡು ಕಣ್ಣು ಮುಚ್ಚಿದರು. ದೇವರನ್ನು ನೆನೆಯುತ್ತಿದ್ದಾರೆ ಅಂದುಕೊಂಡೆವು.

"ಎರಡೂ ಮುಕ್ಕಾಲು," ಅಂದರು.

ನರ್ಸ್ ಚೀಟಿ ನೋಡಿದಳು, ಅವರ ಮುಖ ನೋಡಿದಳು. "ಬಟ್ಟೆ ಸೇರಿ," ಎಂದು ಮಾವ ವಿನಯದಿಂದ ಸೇರಿಸಿದರು.

ಮಗಳು ಅಂಗನವಾಡಿಗೆ ಹೋಗಲು ಶುರುಮಾಡಿದ ಮೇಲೆ ನಾನು ಮನೆಯಲ್ಲೇ ಕೆಲಸ ಮಾಡುತ್ತೇನೆ ಅಂದೆ. ಮದುವೆಗೆ ಮುಂಚೆ ತುಮಕೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತಿದ್ದೆ. ಮಧುಗಿರಿ, ಪಾವಗಡ, ಕೊರಟಗೆರೆಯ ಫೋಟೋದವರು ಪರಿಚಯವಿದ್ದರು. ಅವರು ಫೋಟೋಗಳನ್ನು ಕಳಿಸಿದರೆ ಪುಟ ಜೋಡಿಸಿ, ಪ್ರಿಂಟಿಗೆ ಸಿದ್ಧಮಾಡಿ ಕೊಡುವ ಕೆಲಸ. ಅದಕ್ಕೊಂದು ಕಂಪ್ಯೂಟರ್ ಬೇಕಿತ್ತು. ನಮ್ಮೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಭಾಯ್ ಹತ್ತಿರ, ಕೈಗೆಟಕುವಷ್ಟರಲ್ಲಿ ಒಂದನ್ನು ಜೋಡಿಸಿಕೊಂಡೆವು. ಹಿಂದೆ ಕೆಲಸ ಮಾಡುತ್ತಿದ್ದ ಸ್ಟುಡಿಯೋದವರು ಹಳೆಯದೊಂದು ಗ್ರಾಫಿಕ್ಸ್ ಕಾರ್ಡ್ ಕೊಟ್ಟರು, ಅದನ್ನೂ ಸೇರಿಸಿದೆ. ಗೋಡೆಯ ಕರೆಂಟನ್ನು ಹದಮಾಡಿ ಒಳಗಿನ ಭಾಗಗಳಿಗೆಲ್ಲ ಹಂಚುವ, ಇಟ್ಟಿಗೆಯಷ್ಟು ದಪ್ಪದ ತಗಡಿನ ಡಬ್ಬವೊಂದು ಇರುತ್ತದಲ್ಲ, ಪವರ್ ಸಪ್ಲೈ, ಅದು ಕ್ಯಾಬಿನೆಟ್ ಜೊತೆ ಸುಮ್ಮನೆ ಬಂದಿತ್ತು. ಅದರ ಕಡೆ ಯಾರೂ ಗಮನ ಕೊಡಲಿಲ್ಲ.

ಸೊಸೆಗೆ ಯಾಕೆ ಕಂಪ್ಯೂಟರ್ ಎಂದು ಬಂಧುಗಳಲ್ಲಿ ಮಾತು ಬಂತು. ಮಾವ ಮುಂದಿನ ಕೋಣೆಯಲ್ಲಿದ್ದ ತಮ್ಮ ಮಂಚವನ್ನು ಎತ್ತಿ ಜಗಲಿಗೆ ಹಾಕಿಕೊಂಡು ಆ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಮಾತಾಡಲು ಬಂದವರಿಗೆ ಹೇಳಿದ್ದು ಇಷ್ಟೆ: "ನಾನು ಜನ್ಮಪೂರ್ತಿ ಇನ್ನೊಬ್ರ ಗಾಡಿ ಓಡಿಸ್ದೆ. ನಮ್ಮನೇಗೆ ಸ್ವಂತ ಗಾಡಿ ಅಂತ ಬಂದಿರೋದು ಇದೇ ಮೊದ್ಲು. ಓಡಿಸ್ಲಿ ಬುಡು."

ಅವತ್ತಿನಿಂದ ನನ್ನ ಕಂಪ್ಯೂಟರಿಗೆ ಗಾಡಿ ಎಂದೇ ಹೆಸರಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು "ಗಾಡಿ ಬುಟ್ಟೇನಮ್ಮ?" ಎಂದು ಕೇಳುತ್ತಿದ್ದರು. ಸಂಜೆ "ಗಾಡಿ ಎಲ್ಲಿವರ್ಗೂ ಬಂತು?" ಎಂದು ಕೇಳುತ್ತಿದ್ದರು. ನಾನು "ಧಾರೆವರೆಗೆ ಬಂತು ಮಾವ" ಅನ್ನುತ್ತಿದ್ದೆ. ಆಯುಧಪೂಜೆಯ ದಿನ ಮಾನಿಟರಿಗೆ ವಿಭೂತಿ ಎಳೆದು, ಕ್ಯಾಬಿನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೋದರು. ಚಕ್ರವೇ ಇಲ್ಲ. ಅತ್ತ ಇತ್ತ ನೋಡಿ, ಈ ಗಾಡಿಯಲ್ಲಿ ಹರಿದಾಡುವುದು ಮೌಸ್ ಒಂದೇ ಎಂದು ತೀರ್ಮಾನಿಸಿ, ಅದರ ಕೆಳಗಿಟ್ಟರು. ನಾನು ಮೌಸ್ ಒತ್ತಿ ನಿಂಬೆಹಣ್ಣು ಹಿಸುಕಿದೆ. ರಸ ಪ್ಯಾಡಿಗೆಲ್ಲ ಇಳಿಯಿತು. ಮಾವನಿಗೆ ಸಮಾಧಾನವಾಯಿತು.

ತೊಂದರೆ ಶುರುವಾದದ್ದು ಪಾವಗಡದ ಒಂದು ಮದುವೆಯ ಆಲ್ಬಂನಿಂದ. ಆ ಫೋಟೋದವರು ಎಷ್ಟು ತಡಮಾಡಿದ್ದರೆಂದರೆ, ನನ್ನ ಕೈಗೆ ಫೋಟೋ ಬರುವಷ್ಟರಲ್ಲಿ ಮದುವಣಗಿತ್ತಿಗೆ ಸೀಮಂತ ಹತ್ತಿರ ಬಂದಿತ್ತು. "ಸೀಮಂತದೊಳಗೆ ಮದುವೆ ಆಲ್ಬಂ ಕೊಡದಿದ್ದರೆ ಆ ಊರಿಗೆ ನಾನು ಕಾಲಿಡೋ ಹಂಗಿಲ್ಲ, ಹೆಂಗಾದ್ರೂ ಮಾಡಿ" ಎಂದು ಅಂಗಲಾಚಿದ್ದರು. ಕ್ಯಾಮೆರಾದ ಕಾರ್ಡುಗಳನ್ನು ಅವರು ಆಗಲೇ ಅಳಿಸಿ ಬೇರೆ ಮದುವೆಗೆ ಬಳಸಿದ್ದರು. ಆ ಮದುವೆಯ ಫೋಟೋ ಎಂದು ಲೋಕದಲ್ಲಿ ಉಳಿದಿದ್ದದ್ದು ನನ್ನ ಕಂಪ್ಯೂಟರಿನೊಳಗೆ ಮಾತ್ರ.

ಪುಟಗಳೆಲ್ಲ ಸಿದ್ಧವಾದವು. ಎಲ್ಲವನ್ನೂ ಒಟ್ಟುಮಾಡಿ ದೊಡ್ಡ ಅಳತೆಯಲ್ಲಿ ಪ್ರಿಂಟಿಗೆ ತೆಗೆಯುವ ಕೊನೆಯ ಕೆಲಸ ಕೊಟ್ಟೆ. ಕಂಪ್ಯೂಟರ್ ಟಕ್ ಎಂದು ಆರಿಹೋಯಿತು. ಮತ್ತೆ ಹಾಕಿದೆ, ಚೆನ್ನಾಗಿಯೇ ಓಡಿತು. ಮತ್ತೆ ಆ ಕೆಲಸ ಕೊಟ್ಟೆ, ಮತ್ತೆ ಆರಿತು. ಅದೂ ಎಲ್ಲಿ? ವರ ತಾಳಿ ಹಿಡಿದು ಬಾಗಿದ್ದಾನೆ, ಹುಡುಗಿ ತಲೆ ತಗ್ಗಿಸಿದ್ದಾಳೆ, ಅಷ್ಟರಲ್ಲಿ ಪರದೆ ಕಪ್ಪು.

ಮನೆಯಲ್ಲಿ ತಲೆಗೊಂದು ಅಭಿಪ್ರಾಯ ಬಂತು. ನನ್ನ ಗಂಡ ವೈರಸ್ ಎಂದರು. ಅವರಿಗೆ ಕಂಪ್ಯೂಟರ್ ಬಗ್ಗೆ ಗೊತ್ತಿದ್ದದ್ದು ಆ ಒಂದು ಪದ. ನಮ್ಮ ಅತ್ತೆ ಪಾವಗಡದ ಗಡಿ ಕಡೆಯವರು. ಕೋಪ, ಗಾಬರಿ, ಪ್ರೀತಿ ಮೂರೂ ಅವರಿಗೆ ತೆಲುಗಿನಲ್ಲಿ ಬರುತ್ತಿದ್ದವು. "ದಿಷ್ಟಿ ಅಮ್ಮಾ, ದಿಷ್ಟಿ. ಎವರೋ ಕಣ್ಣು ಹಾಕವ್ರೆ" ಎಂದು ಮೆಣಸಿನಕಾಯಿ, ಉಪ್ಪು ತಂದು ಕ್ಯಾಬಿನೆಟ್ಟಿಗೆ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಸೀನಿದೆವು. ಕಂಪ್ಯೂಟರ್ ಮತ್ತೆ ಆರಿತು.

ಮಾವ ಮಾತ್ರ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಈಗ ಸುಮ್ಕೆ ಫೋಟೋ ತೋರ್ಸಮ್ಮ," ಅಂದರು. ತೋರಿಸಿದೆ, ಓಡಿತು. "ಈಗ ಆ ಕೊನೇ ಕೆಲ್ಸ ಮಾಡ್ಸು," ಅಂದರು. ಮಾಡಿಸಿದೆ. ಫ್ಯಾನು ಜೋರಾಗಿ ತಿರುಗತೊಡಗಿತು. ಬಾನೆಟ್ ಮೇಲೆ ಕೈಯಿಡುವ ಹಾಗೆ ಮಾವ ಕ್ಯಾಬಿನೆಟ್ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ತಾಳಿ ಕಾಣಿಸಿತು, ಪರದೆ ಕಪ್ಪಾಯಿತು.

"ಇಂಜಿನ್ ಚೆನ್ನಾಗೈತೆ. ಬಯಲಲ್ಲಿ ಓಡ್ತೈತೆ, ಘಾಟಿ ಹತ್ತುವಾಗ ನಿಂತೋಗ್ತೈತೆ. ಡೀಸೆಲ್ ಸಾಲ್ತಿಲ್ಲ ಕಣಮ್ಮ ಇದಕ್ಕೆ."

ನನಗೂ ಅದೇ ಅನುಮಾನ ಬರತೊಡಗಿತ್ತು. ಓದಿ ನೋಡಿ ಲೆಕ್ಕ ಹಾಕಿದೆ. ಪ್ರೊಸೆಸರ್ ಅರವತ್ತೈದು ವ್ಯಾಟ್, ಗ್ರಾಫಿಕ್ಸ್ ಕಾರ್ಡ್ ನೂರಿಪ್ಪತ್ತು, ಉಳಿದ ಡಿಸ್ಕು ಫ್ಯಾನು ಎಲ್ಲ ಸೇರಿ ಐವತ್ತು. ಪೂರ್ತಿ ಕೆಲಸ ಬಿದ್ದರೂ ಇನ್ನೂರ ನಲವತ್ತು ದಾಟುವುದಿಲ್ಲ. ನಮ್ಮ ಪವರ್ ಸಪ್ಲೈ ಮೇಲೆ ದಪ್ಪ ಅಕ್ಷರದಲ್ಲಿ ನಾನೂರೈವತ್ತು ವ್ಯಾಟ್ ಎಂದಿತ್ತು. ಮತ್ಯಾಕೆ ಸಾಲುತ್ತಿಲ್ಲ?

"ನಾನೂರೈವತ್ತು ಅಂತ ಬರ್ದೋರ್ಯಾರು?" ಅಂದರು ಮಾವ.

"ಅದನ್ನ ಮಾಡಿದ ಕಂಪನಿಯವರು ಮಾವ."

"ನನ್ ಲಾರಿ ಹಿಂದ್ಗಡೆ ಸ್ಪೀಡ್ ನಲವತ್ತು ಅಂತ ಬರ್ದಿತ್ತು. ಒಂದಿನಾನಾದ್ರೂ ನಲವತ್ತರಲ್ಲಿ ಓಡಿಸಿದ್ದೀನಾ ನಾನು?"

ಟಾರ್ಚ್ ಹಿಡಿದು, ಡಬ್ಬದ ಪಕ್ಕದ ಚೀಟಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳನ್ನು ಓದಿದೆ. ಹನ್ನೆರಡು ವೋಲ್ಟಿನ ಸಾಲಿನ ಎದುರಿಗೆ ಹದಿನಾಲ್ಕು ಆಂಪಿಯರ್ ಎಂದಿತ್ತು. ಗುಣಿಸಿದರೆ ನೂರ ಅರವತ್ತೆಂಟು ವ್ಯಾಟ್. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಕಾರ್ಡ್ ಎರಡೂ ಎಳೆಯುವುದು ಈ ಹನ್ನೆರಡು ವೋಲ್ಟಿನ ಸಾಲಿನಿಂದಲೇ. ಉಳಿದ ವ್ಯಾಟ್‌ಗಳನ್ನೆಲ್ಲ ನಮಗೆ ಅಷ್ಟಾಗಿ ಬೇಡದ ಸಾಲುಗಳಲ್ಲಿ ತೋರಿಸಿ, ಕೂಡಿಸಿ, ಮೇಲೆ ದೊಡ್ಡದಾಗಿ ನಾನೂರೈವತ್ತು ಎಂದು ಬರೆದಿದ್ದರು.

ಇದನ್ನು ಮಾವನಿಗೆ ಹೇಳಿದೆ. "ಅಂದ್ರೆ ಮುಂದ್ಲ ಟೈರು, ಸ್ಟೆಪ್ನಿ ಎಲ್ಲಾ ಲೆಕ್ಕಕ್ಕೆ ಹಿಡ್ದು ಬರ್ದವ್ನೆ. ಲೋಡ್ ಬೀಳೋದು ಹಿಂದಿನ ಆಕ್ಸಲ್ ಮ್ಯಾಲೆ. ಅದು ಕಡ್ಡಿ ಇದ್ದಂಗೈತೆ," ಅಂದರು. ನಾನು ಹೇಳಿದ್ದು ನನಗೂ ಆಗಲೇ ಸರಿಯಾಗಿ ಅರ್ಥವಾದದ್ದು.

ಇಬ್ಬರೂ ಭಾಯ್ ಅಂಗಡಿಗೆ ಹೋದೆವು. ಭಾಯ್ ಮಾವನಿಗೆ ಮಗನ ವಯಸ್ಸಿನವರು. ಅವರ ತಂದೆ ಟಾರ್ಪಾಲ್ ಮಾರುತ್ತಿದ್ದಾಗಿಂದ ಮಾವನಿಗೆ ಅಲ್ಲಿ ಸ್ಟೂಲು, ಚಹಾ ಎರಡೂ ಖಾಯಂ. ಭಾಯ್ ಎರಡು ಡಬ್ಬ ತಂದಿಟ್ಟರು. ಒಂದರಲ್ಲಿ ಆರುನೂರು ವ್ಯಾಟ್ ಎಂದಿತ್ತು, ಒಳಗೆ ಕೆಂಪು ಲೈಟು ಮಿನುಗುವ ಫ್ಯಾನು. ಇನ್ನೊಂದು ಬರೀ ಕಪ್ಪು, ನಾನೂರೈವತ್ತು. ಮಾವ ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದು ತಕ್ಕಡಿಯಂತೆ ನಿಂತರು.

"ಇದೇನು ಭಾಯ್, ಆರುನೂರು ಹೂವಿನಂಗೈತೆ, ನಾನೂರೈವತ್ತು ಕಲ್ಲಿನಂಗೈತೆ?"

"ಹೌ ಚಾಚಾ. ಆ ಲೈಟಿಂದು ನಕ್ಕೋ, ಬ್ಯಾಡ, ಶೋಕಿಗೆ ತಗೊಂಡ್ ಹೋಗ್ತಾರೆ. ಕಪ್ಪುದು ಅಸಲಿ ಮಾಲು. ಒಳಗೆ ತಾಮ್ರ, ಅಲ್ಯೂಮಿನಿಯಂ ಸರಿಯಾಗಿ ಹಾಕಿರ್ತಾರೆ, ಅದ್ಕೇ ವಜನ್."

ನಾನು ಚೀಟಿ ಓದಿದೆ. ಹನ್ನೆರಡು ವೋಲ್ಟಿಗೆ ಮೂವತ್ತಾರು ಆಂಪಿಯರ್. ನಮಗೆ ಬೇಕಾದ್ದಕ್ಕಿಂತ ಧಾರಾಳ. ಇದೇ ಸರಿ ಅಂದೆ. ಆದರೆ ಮಾವನ ಕಿವಿಗೆ ಬಿದ್ದದ್ದು ಆಂಪಿಯರ್ ಅಲ್ಲ. ತೂಕವೇ ಸತ್ಯ ಎಂದು ಕಂಪ್ಯೂಟರ್ ಅಂಗಡಿಯವನ ಬಾಯಿಂದಲೇ ಬಂದಿತಲ್ಲ, ಅಷ್ಟು ಸಾಕಾಗಿತ್ತು ಅವರಿಗೆ. ಬೀಗುತ್ತಾ ನನ್ನ ಕಡೆ ತಿರುಗಿದರು.

ಕಷ್ಟವೇನೆಂದರೆ ಆ ಕಪ್ಪು ಡಬ್ಬ ಇದ್ದದ್ದು ಒಂದೇ, ಅದನ್ನು ಬುಕ್ಕಾಪಟ್ಟಣದ ಗಿರಾಕಿಯೊಬ್ಬರು ಮೊದಲೇ ಹೇಳಿಟ್ಟಿದ್ದರು. ಇನ್ನೊಂದು ಬೆಂಗಳೂರಿನಿಂದ ಬರಲು ಒಂದು ವಾರ. ಕಾಯೋಣ ಎಂದು ನಾನು ಹೇಳಿ ಬಂದೆ.

ಮಾವ ಕಾಯಲಿಲ್ಲ. ಸೀಮಂತದ ದಿನ ಹತ್ತಿರ ಬರುತ್ತಿತ್ತು, ಲೋಡ್ ಹೊತ್ತ ಗಾಡಿ ದಾರಿಯಲ್ಲಿ ನಿಂತಿತ್ತು. ಅದು ಅವರಿಂದ ತಡೆಯಲಾಗದ ಸಂಗತಿ. ಯಾರಿಗೂ ಹೇಳದೆ ಬೆಳಿಗ್ಗೆ ಬಸ್ ಹತ್ತಿ ತುಮಕೂರಿಗೆ ಹೋದವರು, ಮಧ್ಯಾಹ್ನ ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟನ್ನು ಎದೆಗೊತ್ತಿಕೊಂಡು ಬಂದರು. ಬೀದಿಯ ತುದಿಯ ಹಿಟ್ಟಿನ ಗಿರಣಿಯಲ್ಲಿ ಇಳಿಸಿ, ರಾಗಿ ತೂಗುವ ತಕ್ಕಡಿಯಲ್ಲಿಟ್ಟು, ರಾಗಿ ಬೀಸಿಸಲು ಬಂದಿದ್ದ ಹೆಂಗಸರಿಗೆಲ್ಲ ತೋರಿಸಿಕೊಂಡೇ ಮನೆಗೆ ಬಂದದ್ದು.

"ಎತ್ತಿ ನೋಡಮ್ಮ," ಎಂದು ನನ್ನ ಕೈಗೆ ಕೊಟ್ಟರು. ಕೈ ಕೆಳಗೆ ಜಗ್ಗಿತು. ಚಿನ್ನದ ಬಣ್ಣದ ಡಬ್ಬ. ಮೇಲೆ ಏಳುನೂರೈವತ್ತು ವ್ಯಾಟ್ ಎಂದು ಬೆಂಕಿಯ ಜ್ವಾಲೆಗಳ ನಡುವೆ ಬರೆದಿತ್ತು. ಪಕ್ಕದ ಚೀಟಿಯಲ್ಲಿ ಹನ್ನೆರಡು ವೋಲ್ಟಿನ ಎದುರು ಏನೂ ಇರಲಿಲ್ಲ.

"ಮಾವ, ಇದರಲ್ಲಿ ಆಂಪಿಯರ್ ಎಷ್ಟು ಅಂತಲೇ ಬರೆದಿಲ್ಲ."

"ಜಾಗ ಸಾಲ್ದೆ ಬುಟ್ಟವ್ನೆ. ಆ ಬೆಂಕಿ ಬರೆಯೋಕೇ ಎಷ್ಟು ಜಾಗ ಹೋಗೈತೆ ನೋಡು."

ನಾನು ಅನುಮಾನಿಸುತ್ತಲೇ ನಿಂತೆ. ಆದರೆ ಪಾವಗಡದವರು ಅವತ್ತು ಬೆಳಿಗ್ಗೆ ತಾನೇ ಮತ್ತೆ ಫೋನ್ ಮಾಡಿ ಅತ್ತಂತೆ ಮಾತಾಡಿದ್ದರು. ಮಾವ ಬಸ್ಸಿನ ಧೂಳನ್ನೂ ಒರೆಸಿಕೊಳ್ಳದೆ ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದರು. ಸರಿ, ಒಂದು ಸಲ ನೋಡೋಣ ಅಂದೆ. ಜೋಡಿಸಿದೆವು. ಕಂಪ್ಯೂಟರ್ ಏನೂ ತಕರಾರು ಮಾಡದೆ ಎದ್ದಿತು. ಮಾವ ಅತ್ತೆಯನ್ನು ಅಡುಗೆಮನೆಯಿಂದ ಕರೆದು ನಿಲ್ಲಿಸಿಕೊಂಡರು. ಕೊನೆಯ ಕೆಲಸ ಕೊಟ್ಟೆ. ದಿಬ್ಬಣ ಹೋಯಿತು, ವರಪೂಜೆ ಹೋಯಿತು, ತಾಳಿ ಕಾಣಿಸಿತು. ತಾಳಿಯೂ ದಾಟಿತು. ಅಕ್ಷತೆ ಬಿತ್ತು. ಮಾವ ಅತ್ತೆಯ ಕಡೆ ತಿರುಗಿ "ಹೆಂಗೆ?" ಅಂದರು.

ಢಮ್ ಅಂತು.

ಕ್ಯಾಬಿನೆಟ್ಟಿನ ಹಿಂದಿನಿಂದ ನೀಲಿ ಕಿಡಿ, ಅದರ ಹಿಂದೆಯೇ ಕೊಬ್ಬರಿ ಸುಟ್ಟ ಹಾಗೆ ವಾಸನೆಯ ಹೊಗೆ. ಮನೆಯ ಕರೆಂಟೆಲ್ಲ ಹೋಯಿತು. "ಅಯ್ಯೋ ದೇವುಡಾ! ಏಮಯ್ಯಾ ನೀನು ತಂದಿದ್ದು, ಪಟಾಕ್ಷಿನಾ?" ಎಂದು ಅತ್ತೆ ಕೂಗಿಕೊಂಡರು. ಮಾವ ಟವೆಲ್ ಸುತ್ತಿದ ಕೈಯಿಂದ ಪ್ಲಗ್ ಕಿತ್ತೆಸೆದರು. ಆಮೇಲೆ ಅಲ್ಲೇ ನಿಂತರು. ಅವರ ಮುಖ ನೋಡಲು ಆಗುತ್ತಿರಲಿಲ್ಲ.

"ಫೋಟೋ ಐತೇನಮ್ಮ ಒಳಗೆ?" ಎಂದು ಬಹಳ ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ ಮಾವ," ಅಂದೆ. ಬೇರೆಯವರ ಮದುವೆ ಸುಟ್ಟುಹೋಯಿತೇನೋ ಎನ್ನುವ ಭಯದಲ್ಲೇ, ಭಾಯ್ ಅಂಗಡಿಗೆ ಒಯ್ಯಲು ತಂತಿಗಳನ್ನೆಲ್ಲ ಕಿತ್ತೆ.

ಆಟೋದಲ್ಲಿ ಕ್ಯಾಬಿನೆಟ್ಟನ್ನು ಮಾವ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಹಳ್ಳ ಬಂದಾಗಲೆಲ್ಲ ಆಟೋದವನಿಗೆ "ನಿಧಾನ ಕಣ್ಲಾ, ಒಳಗೆ ಹೆಣ್ಣು ಗಂಡು ಅವ್ರೆ" ಅನ್ನುತ್ತಿದ್ದರು. ಆಟೋದವನು ಹಿಂತಿರುಗಿ ನೋಡಿ ನಿಜವಾಗಿಯೂ ನಿಧಾನ ಮಾಡಿದ.

ಭಾಯ್ ನಮ್ಮ ಡಿಸ್ಕನ್ನು ಬಿಚ್ಚಿ, ಅಂಗಡಿಯಲ್ಲಿ ಪರೀಕ್ಷೆಗೆಂದು ಇಟ್ಟುಕೊಂಡಿರುವ ಕಂಪ್ಯೂಟರಿಗೆ ಸಿಕ್ಕಿಸಿದರು. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಫೋಟೋಗಳು ಮೂಡತೊಡಗಿದವು. ಚಪ್ಪರ, ಓಲಗದವರು, ಕೆಂಪು ಸೀರೆಯ ಹುಡುಗಿ, ಎಲ್ಲರೂ ಇದ್ದರು. ಮಾವ ಪರದೆಗೆ ಕೈ ಮುಗಿದರು. ಭಾಯ್ ಕೂಡ "ಶುಕರ್" ಎಂದು ದೇವರನ್ನು ನೆನೆದು ಉಸಿರು ಬಿಟ್ಟರು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಸತ್ತಿತ್ತು. ಉಳಿದದ್ದೆಲ್ಲ ಬದುಕಿತ್ತು.

ಆಮೇಲೆ ಭಾಯ್ ಆ ಚಿನ್ನದ ಡಬ್ಬದ ಮುಚ್ಚಳ ಬಿಚ್ಚಿದರು. ಒಳಗೆ ಸುಟ್ಟು ಕರಿಕಾದ ಒಂದು ಸಣ್ಣ ಹಲಗೆ, ನಾಲ್ಕಾರು ಬಿಡಿಭಾಗ. ಡಬ್ಬದ ಮುಕ್ಕಾಲು ಭಾಗ ಖಾಲಿ. ಮತ್ತೆ ತಳದಲ್ಲಿ, ಗೋಂದು ಹಾಕಿ ಅಂಟಿಸಿದ್ದ ಒಂದು ಕಬ್ಬಿಣದ ತುಂಡು. ಅದಕ್ಕೆ ಯಾವ ತಂತಿಯೂ ಹೋಗಿರಲಿಲ್ಲ, ಯಾವ ತಂತಿಯೂ ಬಂದಿರಲಿಲ್ಲ. ತೂಕಕ್ಕೆಂದೇ ಅದು ಅಲ್ಲಿ ಕೂತಿತ್ತು.

ಭಾಯ್ ನಗು ತಡೆಯಲು ಕೆಮ್ಮಿದರು. ನಾನು ಮಾವನ ಕಡೆ ನೋಡದೆ ಗೋಡೆ ನೋಡಿದೆ. ಮಾವ ಕಬ್ಬಿಣವನ್ನು ಕಿತ್ತು, ಅಂಗೈಯಲ್ಲಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ಮೇಲೆ ಕೆಳಗೆ ಆಡಿಸಿದರು.

"ಮುಕ್ಕಾಲು ಕೆಜಿ," ಅಂದರು. ತುಂಡನ್ನು ಮೇಜಿನ ಮೇಲಿಟ್ಟು, "ನನ್ನಂಥೋರು ಅವ್ರೆ ಅಂತ ಇದನ್ನ ಮಾಡ್ದೋನಿಗೆ ಗೊತ್ತೈತೆ ಕಣಮ್ಮ," ಅಂದರು.

ಮೊದಲು ನಕ್ಕದ್ದು ಅವರೇ. ಆಮೇಲೆ ನಾವು.

ಆಲ್ಬಂ ಹೇಗೆ ಮುಗಿಯಿತೆಂದರೆ, ಗ್ರಾಫಿಕ್ಸ್ ಕಾರ್ಡ್ ಸತ್ತದ್ದರಿಂದ ಭಾರ ಅರ್ಧಕ್ಕರ್ಧ ಇಳಿದಿತ್ತು. ಹಳೆಯ ಪವರ್ ಸಪ್ಲೈಯನ್ನೇ ಮತ್ತೆ ಹಾಕಿದೆವು. ಅದು ಆರಲಿಲ್ಲ. ಆಮೆಯ ಹಾಗೆ ಹೋಯಿತು, ಆದರೆ ನಿಲ್ಲಲಿಲ್ಲ. ಮಾವ ಪಕ್ಕದಲ್ಲಿ ಕೂತು, "ಅವಸರ ಬ್ಯಾಡ, ಫಸ್ಟ್ ಗೇರಲ್ಲೇ ಹತ್ತಲಿ" ಎಂದು ಕಂಪ್ಯೂಟರಿಗೇ ಧೈರ್ಯ ಹೇಳಿದರು. ಸೀಮಂತದ ಬಾಗಿನದ ತಟ್ಟೆಗಳ ಜೊತೆಗೆ ಮದುವೆ ಆಲ್ಬಂ ಕೂಡ ಸೇರಿತಂತೆ.

ಆ ಗಡಿಬಿಡಿ ಮುಗಿದ ಮೇಲೆ ಮಾವ ಚಿನ್ನದ ಡಬ್ಬ ಹಿಡಿದು, ಅದನ್ನು ಮಾರಿದ ಅಂಗಡಿಗೆಂದು ತುಮಕೂರಿಗೆ ಹೊರಟರು. ಜಗಳವಾದೀತು ಎಂದು ನಾನೂ ಜೊತೆಗೆ ಹೋದೆ. ಜಗಳವಾಗಿದ್ದರೆ ವಾಸಿಯಿತ್ತು. ಅಂಗಡಿಯವರು "ಮುಚ್ಚಳ ಬಿಚ್ಚಿದೀರಲ್ಲ, ಗ್ಯಾರಂಟಿ ಹೋಯ್ತು" ಅಂದರು. ಮಾವ "ಆಗ್ಲಿ" ಅಂದರು. ಹೊರಗೆ ಬಂದು, ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಟವೆಲ್ ಹಾಸಿ, ಅದರ ಮೇಲೆ ಬಿಚ್ಚಿದ ಡಬ್ಬ, ಅದರ ಪಕ್ಕ ಕಬ್ಬಿಣದ ತುಂಡು ಇಟ್ಟು, ಚಕ್ಕಳಮಕ್ಕಳ ಹಾಕಿ ಕೂತರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪಕ್ಕದ ಜೆರಾಕ್ಸ್ ಅಂಗಡಿಯ ನೆರಳಿಗೆ ಹೋಗಿ, ಅವರು ಯಾರೋ ನಾನು ಯಾರೋ ಎನ್ನುವಂತೆ ನಿಂತೆ.

ಹೋಗುವವರು ಬರುವವರು ನಿಂತು ನೋಡತೊಡಗಿದರು. "ಎಷ್ಟು ಯಜಮಾನ್ರೇ?" ಎಂದು ಒಬ್ಬರು ಕೇಳಿದರು.

"ಮಾರೋದಲ್ಲ, ನೋಡೋದು," ಅಂದರು ಮಾವ.

"ಈ ಕಬ್ಬಿಣ ಏನಿದು?"

"ಕರೆಂಟ್ ಕೊಡೋ ಡಬ್ಬದಾಗಿತ್ತು. ಯಾಕಿತ್ತು ಅಂತ ನಾನೂ ಕೇಳೋಕೇ ಬಂದಿದ್ದೀನಿ."

ಅಂಗಡಿಯೊಳಗೆ ಹೋಗಬೇಕಿದ್ದವರು ಒಂದು ಹೆಜ್ಜೆ ಹಿಂದೆ ಇಟ್ಟರು. ಅಂಗಡಿಯವರು ಕಬ್ಬಿನ ಹಾಲು ಕಳಿಸಿದರು. ಮಾವ ಕುಡಿದು, ಲೋಟ ವಾಪಸ್ ಕೊಟ್ಟು, ಕೂತೇ ಇದ್ದರು. "ಬಿಸಿಲು ಯಜಮಾನ್ರೇ, ಒಳಗೆ ಬನ್ನಿ" ಎಂದು ಅಂಗಡಿಯವರೇ ಬಂದು ಕರೆದರು. "ಅಭ್ಯಾಸ ಐತೆ ಬುಡಿ," ಅಂದರು. ಕೊನೆಗೆ ಅವರು ಬೇಡಿಕೊಳ್ಳುವ ಧ್ವನಿಯಲ್ಲಿ, "ನಿಜವಾಗ್ಲೂ ಒಳಗೆ ಏನಿದೆ ಅಂತ ನಂಗೂ ಗೊತ್ತಿಲ್ಲ. ಸೀಲ್ ಹಾಕಿ ಬರುತ್ತೆ, ನಾನು ಮಾರ್ತೀನಿ" ಅಂದರು.

"ಹಂಗಾದ್ರೆ ಇನ್ನೊಂದು ಬಿಚ್ಚಿ ನೋಡಾಣ," ಅಂದರು ಮಾವ.

ಇಬ್ಬರೂ ಒಳಗೆ ಹೋದರು. ನಾನೂ ಹೋದೆ. ಕಪಾಟಿನಿಂದ ಅದೇ ಚಿನ್ನದ ಬಣ್ಣದ ಹೊಸ ಡಬ್ಬ ತೆಗೆದು ಬಿಚ್ಚಿದರೆ, ತಳದಲ್ಲಿ ಅದೇ ಕಬ್ಬಿಣ. ಅಂಗಡಿಯವರ ಮುಖ ಇಳಿದುಹೋಯಿತು. ಮಾವ ಆ ತುಂಡನ್ನೂ ಕೈಯಲ್ಲಿ ಹಿಡಿದು ನೋಡಿ, "ನೋಡಿ, ಒಂದು ಗುಂಜಿ ಹೆಚ್ಚುಕಮ್ಮಿ ಇಲ್ಲ. ಕಬ್ಬಿಣದಾಗೆ ಮೋಸ ಮಾಡಿಲ್ಲ ಅವ್ನು," ಎಂದು ಮೆಚ್ಚಿಕೊಂಡರು. ಅಂಗಡಿಯವರು ಬೇಸರದಲ್ಲೂ ನಕ್ಕುಬಿಟ್ಟರು. ಆ ಸಾಲಿನಲ್ಲಿದ್ದ ಡಬ್ಬಗಳನ್ನೆಲ್ಲ ನಮ್ಮೆದುರೇ ಕೆಳಗಿಳಿಸಿದರು, ನಮ್ಮ ದುಡ್ಡು ವಾಪಸ್ ಕೊಟ್ಟರು. ನೆನಪಿಗೆಂದು ಮಾವ ಕಬ್ಬಿಣದ ತುಂಡನ್ನು ಮಾತ್ರ ಕೇಳಿ ತಂದರು. ಅತ್ತೆ ಅದನ್ನು ತೊಳೆದು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಹೇರಿದರು.

ಭಾಯ್ ತರಿಸಿದ ಕಪ್ಪು ಡಬ್ಬ ಬಂದ ದಿನ ಮಾವ ಅದನ್ನು ಎತ್ತಲಿಲ್ಲ. ನನ್ನ ಕೈಗೆ ಟಾರ್ಚ್ ಕೊಟ್ಟು, "ಮೊದ್ಲು ನೀನು ಓದಮ್ಮ," ಅಂದರು. ಓದಿದೆ. ಆಮೇಲೆ ಫ್ಯಾನಿನ ಜಾಲರಿಯೊಳಗೆ ಟಾರ್ಚ್ ಬಿಟ್ಟು ಇಬ್ಬರೂ ಇಣುಕಿದೆವು. ಒಳಗೆ ಸಂದಿಲ್ಲದಂತೆ ಭಾಗಗಳು ತುಂಬಿದ್ದವು. ಅದಾದ ಮೇಲೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಮೆಲ್ಲಗೆ ಒಂದು ಸಲ ಎತ್ತಿ ನೋಡಿದರು.

ಇಷ್ಟೆಲ್ಲ ಆದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಈ ವಿಷಯ ಎತ್ತುತ್ತಿರಲಿಲ್ಲ. ಮಾವ ಇದನ್ನೇ ಉದ್ಯೋಗ ಮಾಡಿಕೊಂಡರು. ನಮ್ಮ ಬೀದಿಯಲ್ಲಿ ಯಾರ ಮನೆಗೆ ಕಂಪ್ಯೂಟರ್ ಬರುವುದಿದ್ದರೂ ಚಹಾ ಅಂಗಡಿಯಲ್ಲಿ ಅವರನ್ನು ಹಿಡಿದು ಕೂರಿಸಿಕೊಳ್ಳುತ್ತಿದ್ದರು. "ಮೊದ್ಲು ಲೋಡ್ ಎಷ್ಟು ಅಂತ ಕೂಡ್ಸು. ಅದರ ಮ್ಯಾಲೆ ಅರ್ಧದಷ್ಟು ಜಾಗ ಬುಡು. ಹನ್ನೆರಡು ವೋಲ್ಟಿಗೆ ಆಂಪಿಯರ್ ಎಷ್ಟು ಅಂತ ಓದು. ಬರ್ದಿಲ್ಲ ಅಂದ್ರೆ ಅಲ್ಲೇ ಇಟ್ಟು ಬಾ. ಬರೀ ತೂಕ ನೋಡ್ಬ್ಯಾಡ, ನಾನು ನೋಡಿ ಕೆಟ್ಟೆ." ಈ ಕೊನೆಯ ಮಾತಿಗೆ ಎಲ್ಲರೂ ಕಥೆ ಕೇಳುತ್ತಿದ್ದರು. ಪ್ರತಿ ಸಲವೂ ಢಮ್ ಎನ್ನುವ ಶಬ್ದ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿತ್ತು.

ನನ್ನ ನಾದಿನಿಯ ಮಗಳನ್ನು ನೋಡಲು ಮದಲೂರು ಕಡೆಯಿಂದ ಗಂಡು ಬಂದಾಗ ಹಿರಿಯರು ಜಮೀನು, ನೌಕರಿ ಎಂದು ಕೇಳುತ್ತಿದ್ದರು. ಹುಡುಗ ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತೇನೆ ಅಂದ. ಮಾವ ಮುಂದಕ್ಕೆ ಬಾಗಿ, "ಹನ್ನೆರಡು ವೋಲ್ಟಿಗೆ ಎಷ್ಟು ಆಂಪಿಯರ್ ಐತಪ್ಪ ನಿಂದು?" ಎಂದು ಕೇಳಿದರು. ಹಿರಿಯರೆಲ್ಲ ಮುಖ ಮುಖ ನೋಡಿಕೊಂಡರು. ಹುಡುಗ ತಡವರಿಸದೆ "ಐವತ್ತನಾಲ್ಕು ತಾತ" ಅಂದ. ಮಾವ ಹಿಂದಕ್ಕೆ ಒರಗಿ, ನಾದಿನಿಯ ಕಡೆ ನೋಡಿ ತಲೆಯಾಡಿಸಿದರು. ಆ ಮದುವೆಯ ಆಲ್ಬಂ ನಾನೇ ಮಾಡಿದೆ.

ಹೋದ ಬೇಸಿಗೆಯಲ್ಲಿ, ಊಟ ಮುಗಿಸಿ ಜಗಲಿಯ ಮಂಚದ ಮೇಲೆ ಮಲಗಿದ ಮಾವ ಏಳಲಿಲ್ಲ. ಸಂಜೆಯ ಕಾಫಿ ತೆಗೆದುಕೊಂಡು ಹೋದ ಅತ್ತೆ ಲೋಟ ಹಿಡಿದುಕೊಂಡೇ ಒಳಗೆ ಬಂದರು.

ತಿಥಿಗೆ ಮುಂಚೆ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಬೇಕೆಂದು ಅವರ ಹಳೆಯ ಲಾರಿ ಗೆಳೆಯರು ಕೇಳಿದರು. ಊರವರ ಮದುವೆಯನ್ನೆಲ್ಲ ಪುಟಪುಟವಾಗಿ ಜೋಡಿಸುವ ನನ್ನ ಹತ್ತಿರ ಮಾವನ ಒಂದು ಸರಿಯಾದ ಫೋಟೋ ಇರಲಿಲ್ಲ. ಕ್ಯಾಮೆರಾ ಕಂಡರೆ ಅವರು ಲೈಸೆನ್ಸಿನ ಫೋಟೋದಂತೆ ಸೆಟೆದು ನಿಲ್ಲುತ್ತಿದ್ದರು. ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು. ಹೊಸ ಫೋನಿನಲ್ಲಿ ನಾನು ಸುಮ್ಮನೆ ತೆಗೆದದ್ದು. ಒಳಗಿನಿಂದ ಅತ್ತೆ ಏನೋ ಬೈಯುತ್ತಿದ್ದಾರೆ, ಇವರು ತಲೆ ಹಿಂದಕ್ಕೆ ಚೆಲ್ಲಿ, ಉಳಿದಿದ್ದ ಹಲ್ಲುಗಳೆಲ್ಲ ಕಾಣುವಂತೆ ನಗುತ್ತಿದ್ದಾರೆ. ಇದನ್ನು ಫ್ಲೆಕ್ಸಿಗೆ ಹಾಕಿದರೆ ಜನ ಏನಂದುಕೊಳ್ಳುತ್ತಾರೆ ಎಂದು ನನ್ನ ಗಂಡ ಹಿಂಜರಿದರು. ಅತ್ತೆ ಪರದೆಯ ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ಇದೇ ಇರ್ಲಿ," ಅಂದರು. "ನಾನು ಬೈದಾಗಲೇ ಆಯಪ್ಪ ಇಂಗೆ ನಗ್ತಿದ್ದಿದ್ದು."

ಫ್ಲೆಕ್ಸ್ ಕಟ್ಟಿದರು. ಆ ದಾರಿಯಲ್ಲಿ ಹೋಗುವವರು ತಲೆಯೆತ್ತಿ ನೋಡಿ, ದುಃಖದ ಮುಖ ಮಾಡಲು ಹೋಗಿ, ಆಗದೆ ನಗುತ್ತಿದ್ದರು. ಶಿರಾದಲ್ಲಿ ಜನ ನೋಡಿ ನಕ್ಕ ಶ್ರದ್ಧಾಂಜಲಿ ಅದೊಂದೇ ಇರಬೇಕು.

ಈಗ ನಮ್ಮ ಮುಂದಿನ ಕೋಣೆಯಲ್ಲಿ ಮೂರು ಕಂಪ್ಯೂಟರ್ ಇವೆ, ಬೀದಿಯ ಇಬ್ಬರು ಹೆಣ್ಣುಮಕ್ಕಳು ಬಂದು ಕೆಲಸ ಮಾಡುತ್ತಾರೆ. ಆ ಕೋಣೆಯನ್ನು ಕೇಳದೆಯೇ ಬಿಟ್ಟುಕೊಟ್ಟವರಿಗೆ ನಾನು ಒಂದು ದಿನವೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಲಿಲ್ಲ. ಮನೆಯವರಿಗೆ ಹಾಗೆ ಹೇಳುವ ರೂಢಿ ನಮ್ಮಲ್ಲಿಲ್ಲ.

ಆ ನಗುವ ಫೋಟೋವನ್ನು ಭಾಯ್ ನನ್ನಿಂದ ಕೇಳಿ ಇಸಿದುಕೊಂಡರು. ಅಂಗಡಿಯಲ್ಲಿ ಪರೀಕ್ಷೆಗೆ ಇಟ್ಟಿರುವ ಕಂಪ್ಯೂಟರಿನ ಪರದೆಗೆ ಹಾಕಿಕೊಂಡಿದ್ದಾರೆ. ರಿಪೇರಿಗೆ ಬಂದವರು ಪರದೆಯ ತುಂಬ ನಗುತ್ತಿರುವ ಮುದುಕರನ್ನು ನೋಡಿ, ನಿಮ್ಮ ತಂದೆಯವರಾ ಎಂದು ಕೇಳುತ್ತಾರೆ.

"ಇಲ್ಲ," ಅನ್ನುತ್ತಾರೆ ಭಾಯ್, ಸ್ಕ್ರೂ ಬಿಗಿಮಾಡುತ್ತಲೇ, "ನಮ್ ಕಸ್ಟಮರ್."